ಹಸಿ ಗಾರೆಯ ಗಡಿಯಾರ: ಜೊಟ್ಟೊನಿಂದ ಮಸಾಚೊವರೆಗೆ ಒಂದು ಗೋಡೆಯ ಓದು

(ಉಪನ್ಯಾಸದ ಬರಹ ರೂಪ)

ಇಟಲಿಯ ಮಧ್ಯಯುಗದ ಚಿತ್ರಕಲೆಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಮುಖಗಳಿಂದ ಶುರು ಮಾಡುತ್ತಾರೆ. ಮೊದಲು ಚಪ್ಪಟೆ ಮುಖಗಳಿದ್ದವು, ಜೊಟ್ಟೊ ಬಂದು ಅವಕ್ಕೆ ಮೈತುಂಬಿಸಿದ, ನೂರಿಪ್ಪತ್ತು ವರ್ಷದ ನಂತರ ಮಸಾಚೊ ಬಂದು ಅವುಗಳ ಹಿಂದೆ ಆಳ ತೋರಿಸಿದ, ಅಲ್ಲಿಗೆ ರೆನೆಸಾನ್ಸ್ ಆರಂಭವಾಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಮಾತು ಗೋಡೆಯನ್ನು ಪೂರ್ತಿ ಮರೆಯುತ್ತದೆ. ಈ ಚಿತ್ರಗಳು ಬರೆದದ್ದು ಹಸಿ ಗಾರೆಯ ಮೇಲೆ, ಹಸಿ ಗಾರೆ ಚಿತ್ರಕಾರನಿಗೆ ಕೊಡುವುದು ಕೆಲವೇ ಗಂಟೆ. ಆ ಗಂಟೆಗಳನ್ನು ಹೇಗೆ ಹಂಚಿಕೊಂಡರು ಅನ್ನುವುದರಲ್ಲಿ ಆ ಮುಖಗಳ ಕತೆಯೂ ಇದೆ. ಆದ್ದರಿಂದ ಮೊದಲು ಸುಣ್ಣ.

ಸುಣ್ಣದ ಕಲ್ಲನ್ನು ಗೂಡಿನಲ್ಲಿ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಬಿಟ್ಟರೆ ಕುದಿದು ಅರಳಿ ಮುದ್ದೆಯಾಗುತ್ತದೆ. ಮರಳು ಬೆರೆಸಿ ಗೋಡೆಗೆ ಮೆತ್ತಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಈ ಕಲ್ಲಾಗುವ ಕೆಲಸ ಮೇಲ್ಮೈಯಿಂದ ಶುರುವಾಗಿ ಒಳಗೆ ಇಳಿಯುತ್ತದೆ. ಬಣ್ಣದ ಪುಡಿಯನ್ನು ಬರೀ ನೀರಿನಲ್ಲಿ ಅರೆದು ಹಸಿ ಗಾರೆಗೆ ಹಚ್ಚಿದಾಗ, ಒಳಗಿನಿಂದ ಜಿನುಗುವ ಸುಣ್ಣದ ನೀರು ಆ ಕಣಗಳ ಸುತ್ತ ಹರಳುಗಟ್ಟಿ ಅವನ್ನು ಹಿಡಿದುಬಿಡುತ್ತದೆ. ಮೊಟ್ಟೆ ಬೇಡ, ಗೋಂದು ಬೇಡ, ಎಣ್ಣೆ ಬೇಡ. ನಿಜವಾದ ಫ್ರೆಸ್ಕೋ ಅಂದರೆ ಇಷ್ಟೇ. ಒಣಗಿದ ಗೋಡೆಯ ಮೇಲೆ ಮೊಟ್ಟೆಯನ್ನೋ ಅಂಟನ್ನೋ ಸೇರಿಸಿ ಬರೆದದ್ದು ಬೇರೆ ಜಾತಿ; ಅದನ್ನು ಸೆಕ್ಕೊ ಅನ್ನುತ್ತಾರೆ.

ಕೆಲಸದ ಕ್ರಮ ನಮಗೆ ಗೊತ್ತಿರುವುದು ಮುಖ್ಯವಾಗಿ ಚೆನ್ನಿನೊ ಚೆನ್ನಿನಿ ಎಂಬ ಚಿತ್ರಕಾರ 1400ರ ಸುಮಾರಿಗೆ ಬರೆದ ಕೈಪಿಡಿಯಿಂದ. ಆತ 12 ವರ್ಷ ಆನ್ಯೊಲೊ ಗದ್ದಿಯ ಬಳಿ ಕಲಿತವನು. ಆನ್ಯೊಲೊ ಕಲಿತದ್ದು ತಂದೆ ತದ್ದೆಯೊನಿಂದ, ತದ್ದೆಯೊ 24 ವರ್ಷ ಜೊಟ್ಟೊನ ಕೈಕೆಳಗಿದ್ದವನು. ಹಾಗಾಗಿ ಅವನ ಮಾತನ್ನು ಜೊಟ್ಟೊನ ಮನೆಯ ಮಾತೆಂದೇ ಓದಬಹುದು, ಮೂರು ತಲೆಮಾರಿನಲ್ಲಿ ಸೇರಿದ್ದನ್ನು ಕಳೆದು.

ಸುಣ್ಣ ಕೊಬ್ಬಿದ್ದು, ಹೊಸದು ಆಗಿದ್ದರೆ ಎರಡು ಪಾಲು ಜರಡಿ ಹಿಡಿದ ಮರಳಿಗೆ ಒಂದು ಪಾಲು ಸುಣ್ಣ ಅನ್ನುತ್ತಾನೆ ಚೆನ್ನಿನಿ. 15–20 ದಿನಕ್ಕೆ ಬೇಕಾಗುವಷ್ಟನ್ನು ಒಟ್ಟಿಗೆ ಕಲಸಿ, ಅದರ ಕಾವು ಇಳಿಯುವವರೆಗೆ ಬಿಡಬೇಕು. ಕಾವಿರುವಾಗಲೇ ಬಳಿದರೆ ಗಾರೆ ಸೀಳುತ್ತದೆ. ಇನ್ನೂ ಕೆಲವು ತೊಂದರೆಗಳು ಯಾವುದೇ ಗಾರೆಯವನಿಗೆ ಗೊತ್ತಿರುವಂಥವು. ಸುಣ್ಣ ಹೆಚ್ಚಾದರೆ ಒಣಗುವಾಗ ಕುಗ್ಗಿ ಬಲೆಯಂತೆ ಬಿರುಕು ಬಿಡುತ್ತದೆ. ಕಡಿಮೆಯಾದರೆ ಬೆರಳಿಗೆ ಪುಡಿ ಹತ್ತುತ್ತದೆ. ಸರಿಯಾಗಿ ಅರಳದ ಸುಣ್ಣದ ಹರಳು ಒಳಗೆ ಉಳಿದರೆ ತಿಂಗಳುಗಳ ಮೇಲೆ ತೇವ ಕುಡಿದು ಉಬ್ಬಿ, ಚಿತ್ರದಿಂದ ಒಂದು ಚಕ್ಕೆ ಹಾರಿಸುತ್ತದೆ. ಸಮುದ್ರದ ಮರಳು ಹಾಕಿದರೆ ಉಪ್ಪು ಮೇಲೆ ಬಂದು ಬಿಳಿ ಬೂಷ್ಟಿನಂತೆ ಅರಳುತ್ತದೆ.

ಗೋಡೆಗೆ ಎರಡು ಪದರ. ಮೊದಲು ಒಂದು ಸೆಂಟಿಮೀಟರಿಗೂ ಹೆಚ್ಚು ದಪ್ಪದ ಒರಟು ಗಾರೆ. ಇದನ್ನು ನಯ ಮಾಡಬಾರದು, ಮುಂದಿನ ಪದರ ಹಿಡಿದುಕೊಳ್ಳಲು ಅದರ ಒರಟುತನವೇ ಬೇಕು. ಅದು ಒಣಗಿದ ಮೇಲೆ ತೂಗುಗುಂಡು, ಬಣ್ಣದಲ್ಲಿ ಅದ್ದಿದ ದಾರ, ಕೈವಾರ ಹಿಡಿದು ಚಿತ್ರದ ನಡುಗೆರೆ, ಅಂಚುಗಳನ್ನು ಗುರುತು ಮಾಡುತ್ತಾರೆ. ಮೇಲೆ ಇದ್ದಿಲಿನಲ್ಲಿ ರೇಖೆ, ಅದರ ಮೇಲೆ ನೀರು ಹೆಚ್ಚಿರುವ ಹಳದಿ ಮಣ್ಣಿನ ಬಣ್ಣ. ಪುಕ್ಕದ ಕಟ್ಟಿನಿಂದ ಇದ್ದಿಲನ್ನು ಒರೆಸಿ, ಕೊನೆಗೆ ಕಾವಿ ಮಣ್ಣಿನಲ್ಲಿ ಮೂಗು, ಕಣ್ಣು, ಬಟ್ಟೆಯ ಮಡಿಕೆ ತಿದ್ದುವುದು. ಈ ಕಾವಿಯ ಕರಡಿಗೆ ಸಿನೋಪಿಯಾ ಎಂದು ಹೆಸರು. ಚಿತ್ರ ಮಾಡಿಸುವ ಧಣಿ ಬಂದು ನೋಡಿ ಒಪ್ಪಿಗೆ ಕೊಡಲು ಇದೇ ತಕ್ಕ ಹೊತ್ತು, ಇನ್ನೂ ಏನೂ ಖರ್ಚಾಗಿರುವುದಿಲ್ಲ.

ಆಮೇಲೆ ನಿಜವಾದ ಪೇಚು. ಚಿತ್ರಕಾರ ಬೆಳಿಗ್ಗೆ ಗೋಡೆಯ ಮುಂದೆ ನಿಂತು ಇವತ್ತು ಎಷ್ಟು ಮುಗಿಯುತ್ತದೆ ಎಂದು ಲೆಕ್ಕ ಹಾಕುತ್ತಾನೆ. ಅಷ್ಟೇ ಜಾಗವನ್ನು ನೆನೆಸಿ, ಕೆಲವೇ ಮಿಲಿಮೀಟರ್ ದಪ್ಪದ ನಯಗಾರೆ ಬಳಿಸುತ್ತಾನೆ. ಬಳಿದ ಕೂಡಲೇ ಆ ಭಾಗದ ಕಾವಿ ಕರಡು ಮುಚ್ಚಿಹೋಗುತ್ತದೆ! ಅಕ್ಕಪಕ್ಕದಲ್ಲಿ ಇನ್ನೂ ಕಾಣುವ ಗೆರೆಗಳಿಂದ ದಾರ ಹಿಡಿದು, ನೆನಪಿನಿಂದ, ಅದನ್ನೇ ಮತ್ತೆ ಹಸಿಯ ಮೇಲೆ ಬರೆಯಬೇಕು. ಗಾರೆ ತುಸು ಬಿಗಿಯಾಗುವವರೆಗೆ ಕುಂಚ ಇಡುವಂತಿಲ್ಲ, ಇಟ್ಟರೆ ಸುಣ್ಣ ಕಿತ್ತು ಬಣ್ಣದಲ್ಲಿ ಬೆರೆತು ಕೊಳೆಯಾಗುತ್ತದೆ. ಅಲ್ಲಿಂದ ಮುಂದೆ ಹವೆ ನೋಡಿಕೊಂಡು ಆರೆಂಟು ಗಂಟೆ. ಸಂಜೆಯ ಹೊತ್ತಿಗೆ ಗಾರೆ ಕುಂಚವನ್ನು ಹಿಡಿದೆಳೆಯುತ್ತದೆ. ಆಗ ಹಚ್ಚಿದ ಬಣ್ಣ ಮೇಲೇ ಕುಳಿತು ನಾಳೆ ಪುಡಿಯಾಗಿ ಉದುರುತ್ತದೆ. ಉಳಿದುಹೋದ ಗಾರೆಯನ್ನು ಕರಣೆಯಿಂದ ಓರೆಯಾಗಿ ಕತ್ತರಿಸಿ ತೆಗೆಯುವುದು, ನಾಳೆಯ ತುಂಡು ಆ ಅಂಚಿನ ಮೇಲೆ ಸ್ವಲ್ಪ ಹತ್ತಿ ಕೂರುವುದು. ಇಂಥ ಒಂದು ತುಂಡು ಒಂದು ಜೊರ್ನಾತಾ, ಒಂದು ದಿನಗೆಲಸ.

ಇಂದು ಗೋಡೆಗೆ ಓರೆಯಾಗಿ ದೀಪ ಹಿಡಿದರೆ ಈ ಜೋಡುಗಳು ಕಾಣುತ್ತವೆ. ಯಾವುದರ ಮೇಲೆ ಯಾವುದು ಹತ್ತಿದೆ ಎಂದು ನೋಡಿದರೆ ಯಾವುದು ಮೊದಲಿನದು, ಯಾವುದು ನಂತರದ್ದು ಎಂಬ ಸರಣಿಯೂ ಸಿಗುತ್ತದೆ. ಹೆಚ್ಚಾಗಿ ಮೇಲಿಂದ ಕೆಳಕ್ಕೆ, ಏಕೆಂದರೆ ಮೇಲಿನ ಗಾರೆ ಕೆಳಗೆ ತೊಟ್ಟಿಕ್ಕುತ್ತದೆ. ಒಂದು ಎಚ್ಚರಿಕೆ ಮಾತ್ರ: ತುಂಡುಗಳ ಲೆಕ್ಕ ದಿನಗಳ ಲೆಕ್ಕವಲ್ಲ. ಒಂದೇ ದಿನ ಇಬ್ಬರು ಎರಡು ತುಂಡು ಮುಗಿಸಿರಬಹುದು, ಚಳಿಗಾಲದಲ್ಲಿ ಕೆಲಸ ನಿಂತಿರಬಹುದು.

ಈ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ. ಅದಕ್ಕೂ ಹಿಂದಿನ ರೂಢಿ ಅಟ್ಟಣೆಯದು. ಅಟ್ಟಣೆಯ ಒಂದು ಅಂತಸ್ತಿನಿಂದ ಕೈಗೆಟುಕುವಷ್ಟು ಉದ್ದದ ಪಟ್ಟಿಗೆ ಒಟ್ಟಿಗೆ ಗಾರೆ ಬಳಿದು, ತಳದ ಬಣ್ಣಗಳನ್ನು ಬೇಗ ಬೇಗ ತುಂಬಿ, ನೆರಳು, ಬೆಳಕು, ಹುಬ್ಬು, ತುಟಿ ಎಲ್ಲವನ್ನೂ ಅರ್ಧ ಒಣಗಿದ ಅಥವಾ ಪೂರ್ತಿ ಒಣಗಿದ ಗೋಡೆಯ ಮೇಲೆ ಮುಗಿಸುವುದು. ಪಟ್ಟಿ ದೊಡ್ಡದು, ಹೊತ್ತು ಸಾಲದು. ಆದ್ದರಿಂದ ಮುಖಕ್ಕೊಂದು ಸೂತ್ರ, ಮಡಿಕೆಗೊಂದು ಸೂತ್ರ ಬೇಕೇ ಬೇಕು. ಪೂರ್ವ ರೋಮನ್ ಸಾಮ್ರಾಜ್ಯದಿಂದ ಬಂದ ಬೈಜಾಂಟಿಯಂ ಶೈಲಿಯ ಆ ಬಿಗಿತಕ್ಕೆ ಧರ್ಮಶಾಸ್ತ್ರದ ಕಾರಣಗಳನ್ನು ಹೇಳುವವರು ಹೇಳಲಿ, ಅರ್ಧ ಕಾರಣ ಅಟ್ಟಣೆಯಲ್ಲಿದೆ ಎಂಬುದು ನಮ್ಮ ಅನಿಸಿಕೆ. ಅಸ್ಸೀಸಿಯ ಸಂತ ಫ್ರಾನ್ಸಿಸ್ ಬಸಿಲಿಕಾದ ಮೇಲಂತಸ್ತಿನ ಗೋಡೆಗಳಲ್ಲಿ, 13ನೇ ಶತಮಾನದ ಕೊನೆಯ ದಶಕಗಳಲ್ಲಿ, ಹಳೆಯ ಪಟ್ಟಿ ಹೋಗಿ ಹೊಸ ತುಂಡು ಬರುವುದನ್ನು ಒಂದೇ ಕಟ್ಟಡದೊಳಗೆ ನೋಡಬಹುದು. ಅಲ್ಲಿ ಬೈಬಲಿನ ಇಸಾಕನ ಕತೆಯ ದೃಶ್ಯಗಳನ್ನು ಬರೆದವರು ಯಾರೆಂಬ ಜಗಳ ಇನ್ನೂ ಮುಗಿದಿಲ್ಲ, ಆದರೆ ದಿನಗೆಲಸದ ಜೋಡುಗಳು ಅಲ್ಲಿ ಸ್ಪಷ್ಟ.

ಅದೇ ಬಸಿಲಿಕಾದಲ್ಲಿ ಜೊಟ್ಟೊಗಿಂತ ಹಿಂದಿನ ತಲೆಮಾರಿನ ಚಿಮಬುವೆ ಬರೆದ ದೊಡ್ಡ ಶಿಲುಬೆ ದೃಶ್ಯವನ್ನು ನೋಡಿದವರಿಗೆ ಮೊದಲು ಆಗುವುದು ಗಲಿಬಿಲಿ. ಫೋಟೋದ ನೆಗೆಟಿವ್ ನೋಡಿದ ಹಾಗೆ: ಬೆಳಗಬೇಕಾದ ಮುಖ, ಬಟ್ಟೆಗಳೆಲ್ಲ ಕಪ್ಪು. ಅವನು ಬಳಸಿದ್ದು ಸೀಸದ ಬಿಳಿ. ಹಲಗೆಯ ಮೇಲೆ ಮೊಟ್ಟೆಯಲ್ಲಿ ಕಲಸಿದಾಗ ಅದಕ್ಕಿಂತ ಒಳ್ಳೆಯ ಬಿಳಿ ಇಲ್ಲ. ಗೋಡೆಯ ಮೇಲೆ, ಸುಣ್ಣ ಮತ್ತು ತೇವದ ನಡುವೆ, ಅದು ಸೀಸದ ಡೈಆಕ್ಸೈಡ್ ಆಗಿ ಕಪ್ಪಿಡುತ್ತದೆ. ಚೆನ್ನಿನಿ ಇದನ್ನು ತಿಳಿದೇ ಗೋಡೆಗೆ ಬೇರೆ ಬಿಳಿ ಹೇಳುತ್ತಾನೆ: ಚೆನ್ನಾಗಿ ಅರಳಿದ ಸುಣ್ಣವನ್ನು ಪುಡಿಮಾಡಿ ಎಂಟು ದಿನ ನೀರಿನಲ್ಲಿಟ್ಟು, ದಿನಾ ನೀರು ಬದಲಿಸಿ, ಸಣ್ಣ ಬಿಲ್ಲೆ ತಟ್ಟಿ ಮಾಡಿನ ಮೇಲೆ ಬಿಸಿಲಿಗೆ ಒಣಗಿಸುವುದು. ಸುಣ್ಣವೇ ಸುಣ್ಣಕ್ಕೆ ಬಿಳಿ.

ಹಸಿ ಗಾರೆ ತಾಳಿಕೊಳ್ಳುವ ಬಣ್ಣಗಳ ಪಟ್ಟಿ ಚಿಕ್ಕದು, ಬಹುತೇಕ ಮಣ್ಣುಗಳೇ. ಹಳದಿ ಮಣ್ಣು, ಕಾವಿ, ಹಸಿರು ಮಣ್ಣು, ಕಪ್ಪು, ಸುಣ್ಣದ ಬಿಳಿ. ಇಂಗಲೀಕ, ಹರಿತಾಳ, ಸೀಸದ ಕೆಂಪು, ತಾಮ್ರದ ಕಿಲುಬಿನ ಹಸಿರು, ಅರಗಿನ ಕೆಂಪು ಇವೆಲ್ಲ ಹಸಿಗೆ ಆಗದು ಎಂಬುದು ಚೆನ್ನಿನಿಯ ಕಟ್ಟಪ್ಪಣೆ. ಇವೆಲ್ಲಕ್ಕಿಂತ ದೊಡ್ಡ ತಲೆನೋವು ನೀಲಿ. ಅಗ್ಗದ ನೀಲಿ ಎಂದರೆ ತಾಮ್ರದ ಅದಿರಾದ ಅಜುರೈಟ್, ದುಬಾರಿಯದು ಅಫ್ಘಾನಿಸ್ತಾನದ ಬದಖ್ಶಾನದಿಂದ ಬರುತ್ತಿದ್ದ ಲಾಜವರ್ದ ಕಲ್ಲಿನ ನೀಲಿ. ಅಜುರೈಟನ್ನು ಹಸಿಗೆ ಹಚ್ಚುವಂತಿಲ್ಲ. ಗೋಡೆ ಒಣಗಿದ ಮೇಲೆ, ಕೆಳಗೆ ಗಾಢವಾದ ಬೂದು ಅಥವಾ ಕೆಂಗಪ್ಪು ಹಚ್ಚಿ, ಮೇಲೆ ಅಂಟಿನಲ್ಲಿ ಕಲಸಿ ಬಳಿಯಬೇಕು. ಅಂಟು ಕೆಲವು ಶತಮಾನದಲ್ಲಿ ಸಾಯುತ್ತದೆ, ನೀಲಿ ಉದುರುತ್ತದೆ. ತೇವ ಹೊಕ್ಕರೆ ಉಳಿದದ್ದೂ ಹಸಿರಾಗುತ್ತದೆ. ಇಟಲಿಯ ಎಷ್ಟೋ ಚರ್ಚುಗಳಲ್ಲಿ ಮರಿಯಮ್ಮನ ಮೇಲುಹೊದಿಕೆ ಕಂದು ಬಣ್ಣದ್ದಾಗಿ ಕಾಣುವುದಕ್ಕೆ ಇದೇ ಕಾರಣ.

ಈಗ ಪಾದುವಾಕ್ಕೆ. ಎನ್ರಿಕೊ ಸ್ಕ್ರೊವೆನಿ ಎಂಬ ಸಾಹುಕಾರ 1300ರಲ್ಲಿ ಹಳೆಯ ರೋಮನ್ ಅಖಾಡದ ಜಾಗ ಕೊಂಡು ಪ್ರಾರ್ಥನಾ ಮಂದಿರ ಕಟ್ಟಿಸಿದ. ಅವನ ತಂದೆ ರೆಜಿನಾಲ್ಡೊ ಬಡ್ಡಿ ವ್ಯವಹಾರಕ್ಕೆ ಹೆಸರಾದವನು, ಕವಿ ದಾಂತೆ ಅವನನ್ನು ತನ್ನ ಮಹಾಕಾವ್ಯದ ನರಕ ಭಾಗದ 17ನೇ ಸರ್ಗದಲ್ಲಿ ಕೂರಿಸಿದ್ದಾನೆ. ಮಂದಿರದ ಪ್ರತಿಷ್ಠೆ 1305ರ ಮಾರ್ಚ್ 25ರಂದು. ಕಟ್ಟಡ ತೀರ ಸರಳ: ಸುಮಾರು 21 ಮೀಟರ್ ಉದ್ದ, ಎಂಟೂವರೆ ಮೀಟರ್ ಅಗಲದ ಒಂದೇ ಕೋಣೆ, ಮೇಲೆ ಅರೆಗೊಳವೆಯಂಥ ಕಮಾನುಮಾಡು, ದಕ್ಷಿಣದ ಗೋಡೆಯಲ್ಲಷ್ಟೇ ಆರು ಕಿಟಕಿ. ಫ್ರಾನ್ಸಿನ ಗಾಥಿಕ್ ಚರ್ಚುಗಳು ಗೋಡೆಯನ್ನೇ ಕರಗಿಸಿ ಗಾಜು ತುಂಬಿದ ಕಾಲ ಅದು. ಇಟಲಿಯವರು ಗೋಡೆ ಬಿಡಲಿಲ್ಲ, ಹಾಗಾಗಿ ಚಿತ್ರಕಾರನಿಗೆ ಕೆಲಸ ಉಳಿಯಿತು.

ಈ ಕೋಣೆಯನ್ನು ಜೊಟ್ಟೊ ಮತ್ತು ಅವನ ತಂಡ ಆರುನೂರಕ್ಕೂ ಹೆಚ್ಚು ದಿನಗೆಲಸದ ತುಂಡುಗಳಲ್ಲಿ ಮುಗಿಸಿತು. ತುಂಡುಗಳ ಗಾತ್ರ ನೋಡಿದರೆ ತಂಡದ ಗಮನ ಎಲ್ಲಿತ್ತು ಎಂಬುದು ತಿಳಿಯುತ್ತದೆ. ಬಂಡೆ, ಕಟ್ಟಡ, ಹಿನ್ನೆಲೆಗೆ ಅಗಲವಾದ ತುಂಡು, ಮುಖ್ಯ ತಲೆಗಳಿಗೆ ಪುಟ್ಟದು. ಜೋಡು ಆಕೃತಿಯ ಅಂಚಿನಲ್ಲೇ, ಭುಜದ ಗೆರೆಯಲ್ಲೋ ಬೆಳಕುವೃತ್ತದ ಸುತ್ತಲೋ ಹರಿಯುತ್ತದೆ, ಕಣ್ಣಿಗೆ ಬೀಳದಿರಲಿ ಎಂದು. ಹೀಗೆ ಒಂದು ತಲೆಗೆ ಒಂದು ಬೆಳಗ್ಗೆಯಿಂದ ಸಂಜೆಯವರೆಗಿನ ಹೊತ್ತು ಸಿಕ್ಕಾಗ ಏನಾಗುತ್ತದೆ? ಹಸಿರು ಮಣ್ಣಿನ ತಳದ ಮೇಲೆ ಚರ್ಮದ ಮೂರು ಹದವನ್ನು, ಗಾಢ, ನಡು, ತಿಳಿ, ಬೇರೆ ಬೇರೆ ಬಟ್ಟಲಲ್ಲಿ ಇಟ್ಟುಕೊಂಡು ಒಂದಕ್ಕೊಂದು ಹೊಸೆಯಬಹುದು. ಗಲ್ಲ ತಿರುಗುತ್ತದೆ, ಕೆಳದವಡೆ ನೆರಳಿಗೆ ಜಾರುತ್ತದೆ. ಕ್ರಿಸ್ತನ ಶವದ ಸುತ್ತ ಅಳುವ ದೃಶ್ಯದಲ್ಲಿ ಬಂಡೆಯ ಓರೆ ಕಣ್ಣನ್ನು ತಾಯಿ ಮಗನ ಮುಖಗಳಿಗೆ ಇಳಿಸುತ್ತದೆ, ನಮಗೆ ಬೆನ್ನು ಮಾಡಿ ಕುಳಿತ ಇಬ್ಬರು ಹೆಂಗಸರು ಚಿತ್ರದೊಳಗೆ ಜಾಗವಿದೆ ಎಂದು ನಂಬಿಸುತ್ತಾರೆ. ಇದನ್ನು ಜೊಟ್ಟೊನ ಪ್ರತಿಭೆ ಅನ್ನದೆ ವಿಧಿಯಿಲ್ಲ. ಆದರೆ ಆ ಪ್ರತಿಭೆಗೆ ಹೊತ್ತು ಒದಗಿಸಿದ್ದು ಗಾರೆಯ ಹೊಸ ವ್ಯವಸ್ಥೆ.

ಪಾದುವಾದ ಮಾಡಿನ ನಕ್ಷತ್ರ ತುಂಬಿದ ನೀಲಿ ಮಾತ್ರ ಒಣ ಕೆಲಸ, ಮೇಲೆ ಹೇಳಿದ ಕಾರಣಕ್ಕೇ. ಇಂದು ಅಲ್ಲಿಗೆ ಹೋದವರನ್ನು ಸಣ್ಣ ಗುಂಪು ಮಾಡಿ ಮೊದಲು ಪಕ್ಕದ ಗಾಜಿನ ಕೋಣೆಯಲ್ಲಿ ಕಾಲು ಗಂಟೆ ಕೂರಿಸುತ್ತಾರೆ, ಮೈಯ ತೇವ ಮತ್ತು ಧೂಳು ಒಳಗೆ ಹೋಗದಂತೆ. ಊರಿನ ಹೊಗೆಯಲ್ಲಿನ ಗಂಧಕ ತೇವದ ಜೊತೆ ಸೇರಿ ಸುಣ್ಣಕಲ್ಲನ್ನು ಜಿಪ್ಸಂ ಮಾಡುತ್ತದೆ, ಜಿಪ್ಸಂ ಉಬ್ಬುತ್ತದೆ, ಬಣ್ಣ ಚಕ್ಕೆಯೇಳುತ್ತದೆ. 1966ರ ನವೆಂಬರ್ 4ರ ಪ್ರವಾಹದ ನಂತರ ಫ್ಲಾರೆನ್ಸಿನಲ್ಲಿ ಇದಕ್ಕೊಂದು ಚಿಕಿತ್ಸೆ ವ್ಯಾಪಕವಾಗಿ ಬಳಕೆಗೆ ಬಂತು. ಕಾಗದದ ತಿರುಳಿನಲ್ಲಿ ಅಮೋನಿಯಂ ಕಾರ್ಬೊನೇಟ್ ನೆನೆಸಿ ಗೋಡೆಗೆ ಮೆತ್ತಿದರೆ ಜಿಪ್ಸಂ ಮತ್ತೆ ಸುಣ್ಣಕಲ್ಲಾಗುತ್ತದೆ. ಆಮೇಲೆ ಬೇರಿಯಂ ಹೈಡ್ರಾಕ್ಸೈಡ್ ಕೊಟ್ಟರೆ ಉಳಿದ ಗಂಧಕದ ಉಪ್ಪು ನೀರಿಗೆ ಕರಗದ ರೂಪಕ್ಕೆ ಬಂದು ಗಟ್ಟಿಯಾಗುತ್ತದೆ.

ಹಸಿ ಮತ್ತು ಒಣ ಕೆಲಸದ ವ್ಯತ್ಯಾಸವನ್ನು ಒಬ್ಬನೇ ಕಲಾವಿದನ ಕೈಯಲ್ಲಿ ನೋಡಬೇಕೆಂದರೆ ಫ್ಲಾರೆನ್ಸಿನ ಸಾಂತಾ ಕ್ರೊಚೆ ಚರ್ಚಿಗೆ ಹೋಗಬೇಕು. ಪಕ್ಕಪಕ್ಕದ ಎರಡು ಕೋಣೆ, ಬಾರ್ದಿ ಮತ್ತು ಪೆರುಜ್ಜಿ, ಎರಡೂ ಬ್ಯಾಂಕಿನ ಮನೆತನಗಳದ್ದು, ಎರಡೂ ಜೊಟ್ಟೊನವು. ಎರಡಕ್ಕೂ 18ನೇ ಶತಮಾನದಲ್ಲಿ ಸುಣ್ಣ ಬಳಿದಿದ್ದರು, 19ನೇ ಶತಮಾನದಲ್ಲಿ ಅದನ್ನು ಕೆರೆದರು. ಬಾರ್ದಿಯಲ್ಲಿ ಹಸಿ ಕೆಲಸ ಹೆಚ್ಚು. ಸಂತ ಫ್ರಾನ್ಸಿಸನ ಸಾವಿನ ದೃಶ್ಯದ ನಡುವೆ ಯಾವುದೋ ಗೋರಿ ಕೂರಿಸಿದ ಬೋಳು ಕಲೆಗಳಿದ್ದರೂ ಉಳಿದ ಮುಖಗಳು ಇಂದಿಗೂ ಗಟ್ಟಿ. ಪೆರುಜ್ಜಿಯಲ್ಲಿ ಬಹುಪಾಲು ಒಣಗೋಡೆಯ ಮೇಲೆ ಬರೆದದ್ದು. ಅಲ್ಲಿ ಈಗ ಕಾಣುವುದು ಪ್ರೇತದಂಥ ಆಕಾರಗಳು. 2010ರ ಸುಮಾರಿಗೆ ಅತಿನೇರಳೆ ದೀಪ ಹಿಡಿದು ಪರೀಕ್ಷಿಸಿದಾಗ ಅಂಟಿನ ಅಂಶ ಹೊಳೆದು, ಬರಿಗಣ್ಣಿಗೆ ಸತ್ತಿದ್ದ ಮಡಿಕೆಗಳು, ಮುಖದ ತಿರುವುಗಳು ಮತ್ತೆ ಎದ್ದು ಬಂದವು. ದೀಪ ಆರಿಸಿದರೆ ಮತ್ತೆ ಇಲ್ಲ.

ಇಲ್ಲಿಂದ ಮಸಾಚೊಗೆ ಬರುವ ನಡುವಿನ ನೂರು ವರ್ಷವನ್ನು ಬೇಗ ದಾಟೋಣ. 1348ರ ಪ್ಲೇಗು ಕಾರ್ಯಾಗಾರಗಳನ್ನು ಬರಿದು ಮಾಡಿತು, ಉಳಿದವರು ಜೊಟ್ಟೊನ ವಿಧಾನವನ್ನು ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದರು. ಹೊಸ ಪ್ರಶ್ನೆ ಬಂದದ್ದು ಬೇರೆ ಕಡೆಯಿಂದ. ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ಫ್ಲಾರೆನ್ಸಿನ ಬ್ಯಾಪ್ಟಿಸ್ಟರಿಯನ್ನು (ದೀಕ್ಷಾಸ್ನಾನದ ಮಂದಿರವನ್ನು) ಹಲಗೆಯ ಮೇಲೆ ಬರೆದು, ಅದರಲ್ಲಿ ತೂತು ಕೊರೆದು, ಕನ್ನಡಿಯಲ್ಲಿ ನೋಡುವಂತೆ ಮಾಡಿ, ಗೆರೆಗಳೆಲ್ಲ ಒಂದೇ ಬಿಂದುವಿಗೆ ಸೇರಿದರೆ ಕಣ್ಣು ಮೋಸಹೋಗುತ್ತದೆ ಎಂದು ತೋರಿಸಿದ. ಹಲಗೆಯ ಮೇಲೆ ಇದು ಸುಲಭ, ಬರೆದ ಗೆರೆ ಕಣ್ಣೆದುರೇ ಇರುತ್ತದೆ. ಗೋಡೆಯ ಮೇಲೆ?

ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನಲ್ಲಿ ಮಸಾಚೊ ಬರೆದ ತ್ರಿಏಕತೆಯ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬ ಕ್ರೈಸ್ತ ನಂಬಿಕೆಯ) ಚಿತ್ರ, 1425–27ರ ಆಸುಪಾಸಿನದು, ಆರೂಮುಕ್ಕಾಲು ಮೀಟರಿಗೆ ತುಸು ಕಡಿಮೆ ಎತ್ತರ, ಮೂರು ಮೀಟರಿಗೆ ತುಸು ಹೆಚ್ಚು ಅಗಲ. ಇದನ್ನು ಗಣಿತದ ವಿಜಯ ಎಂದು ವರ್ಣಿಸುವುದು ರೂಢಿ. ಕೆಲಸದವನ ಕಣ್ಣಿನಿಂದ ನೋಡಿ. ಸುಮಾರು 25 ತುಂಡು, ಅಷ್ಟೇ ಸಲ ಗಾರೆ ಬಳಿದು ಅಷ್ಟೇ ಸಲ ಕರಡು ಮುಚ್ಚಿಹೋಗುತ್ತದೆ. ಮುಖವಾದರೆ ನೆನಪಿನಿಂದ ತಿದ್ದಬಹುದು. ಚೌಕಚೌಕದ ಕಮಾನುಮಾಡು ನೆನಪಿನಿಂದ ಬರುವುದಿಲ್ಲ. ಒಂದು ಗೆರೆ ಒಂದು ಬೆರಳು ಜಾರಿದರೂ ಇಡೀ ಮಾಡು ಕುಸಿದಂತೆ ಕಾಣುತ್ತದೆ. ಪ್ರತಿ ಬೆಳಿಗ್ಗೆ, ಪ್ರತಿ ಹೊಸ ತುಂಡಿನಲ್ಲಿ, ಅದೇ ಬಿಂದುವಿನಿಂದಲೇ ಗೆರೆ ಬರಬೇಕು. ಆ ಬಿಂದು ಶಿಲುಬೆಯ ಬುಡದಲ್ಲಿ, ನಿಂತು ನೋಡುವವನ ಕಣ್ಣಿನ ಮಟ್ಟಕ್ಕೆ ಹತ್ತಿರದಲ್ಲಿದೆ. ಅಲ್ಲಿಂದ ದಾರ ಎಳೆದು ಹಸಿಯಲ್ಲಿ ಒತ್ತಿದ, ಮೊನೆಯಿಂದ ಗೀರಿದ ಗುರುತುಗಳು ಓರೆ ಬೆಳಕಿನಲ್ಲಿ ಈಗಲೂ ಕಾಣುತ್ತವೆ. ಮರಿಯಮ್ಮನ ಮುಖದ ಮೇಲೂ ಗೀರಿದ ಚೌಕಗಳಿವೆ: ಕೆಳಗಿನಿಂದ ನೋಡಿದಂತೆ ಬರೆಯಬೇಕಿದ್ದ ತಲೆ ಅದು, ಸಣ್ಣ ಕರಡಿನಿಂದ ಚೌಕ ಲೆಕ್ಕ ಹಿಡಿದು ದೊಡ್ಡದು ಮಾಡಿದ್ದಾನೆ. ಅಂದರೆ ಅಳತೆ ಬಲ್ಲ ಒಂದು ಬಿಂದು ಸಿಕ್ಕಿದ್ದರಿಂದ, ಮುಚ್ಚಿಹೋಗುವ ಕರಡಿನ ಹಂಗು ತಪ್ಪಿತು. ತಮಾಷೆಯೆಂದರೆ, ಇಷ್ಟೆಲ್ಲ ಲೆಕ್ಕದ ನಡುವೆ ತಂದೆಯಾದ ದೇವರನ್ನು ಮಾತ್ರ ಕೆಳಗಿನ ನೋಟಕ್ಕೆ ಒಗ್ಗಿಸಿಲ್ಲ, ನೇರ ಎದುರಿನಿಂದ ಕಂಡಂತೆ ಬರೆದಿದ್ದಾನೆ. ದೇವರಿಗೆ ದೃಷ್ಟಿಕೋನದ ನಿಯಮ ಅನ್ವಯಿಸುವುದಿಲ್ಲ ಎಂದು ವ್ಯಾಖ್ಯಾನಿಸುವುದು ಚೆಂದ. ಆ ಮುಖವನ್ನು ಹಾಗೆ ಕುಗ್ಗಿಸಿದರೆ ಮೂಗಿನ ಹೊಳ್ಳೆಯೇ ಕಾಣುತ್ತದೆ ಎಂಬುದೂ ಸಾಕಷ್ಟು ಒಳ್ಳೆಯ ಕಾರಣ.

ಮಸಾಚೊ 1428ರಲ್ಲಿ, ಮೂವತ್ತು ತುಂಬುವ ಮೊದಲೇ, ರೋಮಿನಲ್ಲಿ ತೀರಿಕೊಂಡ. ಕರಡಿನ ತೊಂದರೆಗೆ ಪೂರ್ತಿ ಪರಿಹಾರ ಬಂದದ್ದು ಅವನ ನಂತರದ ಎರಡು ದಶಕದಲ್ಲಿ. ಪಾವೊಲೊ ಉಚ್ಚೆಲ್ಲೊ 1436ರಲ್ಲಿ ಫ್ಲಾರೆನ್ಸ್ ಕೆಥೆಡ್ರಲ್‌ನಲ್ಲಿ ಕುದುರೆ ಏರಿದ ಬಾಡಿಗೆ ಸೇನಾನಿ ಜಾನ್ ಹಾಕ್‌ವುಡ್‌ನನ್ನು ಬರೆದಾಗ ಚೌಕ ಹಾಕಿದ ಕರಡು ಹಾಳೆಯನ್ನು ಬಳಸಿದ, ಆ ಹಾಳೆ ಫ್ಲಾರೆನ್ಸಿನ ಉಫ್ಫಿತ್ಸಿ ವಸ್ತುಸಂಗ್ರಹಾಲಯದಲ್ಲಿದೆ. ಮೊದಲ ಸಲ ಬರೆದದ್ದು ಸರಿಯಾಗಿಲ್ಲವೆಂದು ಕೆಥೆಡ್ರಲ್‌ನವರು ಅಳಿಸಿ ಮತ್ತೆ ಬರೆಸಿದರು. ಹಸಿ ಗಾರೆಯಲ್ಲಿ ತಿದ್ದುಪಡಿ ಎಂದರೆ ಕೆರೆದು ಹೊಸದಾಗಿ ಬಳಿಯುವುದೇ. ಆಂದ್ರೆಯಾ ದೆಲ್ ಕಸ್ತಾನ್ಯೊ 1447ರಲ್ಲಿ ಸಾಂತ್ ಅಪೊಲೊನಿಯಾ ಕನ್ಯಾಮಠದ ಊಟದ ಕೋಣೆಯಲ್ಲಿ ಕೆಲಸ ಮಾಡುವ ಹೊತ್ತಿಗೆ ಹಾಳೆಯ ಮೇಲೆ ಪೂರ್ಣ ಗಾತ್ರದಲ್ಲಿ ಬರೆದು, ಗೆರೆಗುಂಟ ಸೂಜಿಯಿಂದ ಚುಚ್ಚಿ, ಹಸಿ ಗಾರೆಗೆ ಒತ್ತಿ ಹಿಡಿದು ಇದ್ದಿಲ ಪುಡಿಯ ಗಂಟಿನಿಂದ ತಟ್ಟುವ ಕ್ರಮ ಬಳಕೆಗೆ ಬಂದಿತ್ತು. ರಂಗೋಲಿ ಅಚ್ಚಿನಂತೆ ಚುಕ್ಕೆ ಇಳಿಯುತ್ತವೆ. ಕರಡು ಗೋಡೆಯಿಂದ ಹಾಳೆಗೆ ಹೋಯಿತು, ಕಾವಿಯ ಸಿನೋಪಿಯಾ ಮೆಲ್ಲಗೆ ಮರೆಯಾಯಿತು.

ಲಿಯನಾರ್ದೊ ಈ ಗಡಿಯಾರಕ್ಕೆ ಒಗ್ಗುವವನಲ್ಲ. 1495–98ರಲ್ಲಿ ಮಿಲಾನಿನಲ್ಲಿ ಕೊನೆಯ ಭೋಜನವನ್ನು ಒಣಗೋಡೆಯ ಮೇಲೆ ಎಣ್ಣೆ, ಮೊಟ್ಟೆ ಬೆರೆಸಿ, ಬೇಕೆಂದಾಗ ಬಂದು ತಿದ್ದುತ್ತ ಬರೆದ. 1517ರಲ್ಲಿ ಅದನ್ನು ನೋಡಿದ ಪ್ರವಾಸಿಯೊಬ್ಬ ಆಗಲೇ ಹಾಳಾಗತೊಡಗಿದೆ ಎಂದು ಬರೆದಿಟ್ಟಿದ್ದಾನೆ.

ಉಪನ್ಯಾಸದ ಕೊನೆಗೆ ಸಭೆಯಿಂದ ಬಂದ ಒಂದು ಪ್ರಶ್ನೆಗೆ ಉತ್ತರವನ್ನೂ ಇಲ್ಲಿ ಸೇರಿಸಬೇಕು: ಮುಚ್ಚಿಹೋದ ಕರಡು ಹೇಗಿತ್ತೆಂದು ನಮಗೆ ಹೇಗೆ ಗೊತ್ತು? 1944ರ ಜುಲೈ 27ರಂದು ಪೀಸಾದ ಕಾಂಪೊಸಾಂತೊ ಸ್ಮಶಾನ ಮಂಟಪಕ್ಕೆ ಯುದ್ಧದ ಫಿರಂಗಿ ಗುಂಡು ಬಿದ್ದು, ಬೆಂಕಿ ಹತ್ತಿ, ಮಾಡಿನ ಸೀಸ ಕರಗಿ ಗೋಡೆಗಿಳಿಯಿತು. ಉಳಿದ ಚಿತ್ರಗಳನ್ನು ಉಳಿಸಲು ಗೋಡೆಯಿಂದ ಬಿಡಿಸಬೇಕಾಯಿತು. ಚಿತ್ರದ ಮೇಲೆ ಬಟ್ಟೆಯನ್ನು ಪ್ರಾಣಿಜನ್ಯ ಅಂಟಿನಿಂದ ಅಂಟಿಸಿದರೆ, ಅಂಟು ಒಣಗಿ ಕುಗ್ಗುವಾಗ ಬಣ್ಣದ ತೆಳು ಪದರವನ್ನು ಕಿತ್ತುಕೊಳ್ಳುತ್ತದೆ. ಅದನ್ನು ಸುರುಳಿ ಸುತ್ತಿ, ಹಿಂಬದಿ ಕೆರೆದು ಹೊಸ ಬಟ್ಟೆಗೆ ಹತ್ತಿಸಿ, ಬಿಸಿನೀರಿನಲ್ಲಿ ಮುಂದಿನ ಅಂಟು ಕರಗಿಸುವುದು. ಇನ್ನೊಂದು ವಿಧಾನದಲ್ಲಿ ನಯಗಾರೆಯನ್ನೂ ಸೇರಿಸಿ ಬಿಡಿಸುತ್ತಾರೆ, ಭಾರ ಹೆಚ್ಚು, ಹಾನಿ ಕಡಿಮೆ. ಹೀಗೆ ಬಿಡಿಸಿದಾಗ ಹಿಂದೆ ಒರಟು ಗಾರೆಯ ಮೇಲೆ ಆರುನೂರು ವರ್ಷ ಯಾರೂ ಕಾಣದ ಕಾವಿಯ ಕರಡುಗಳು ಸಿಕ್ಕವು; ಪೀಸಾದಲ್ಲಿ ಈಗ ಅವುಗಳದ್ದೇ ಒಂದು ವಸ್ತುಸಂಗ್ರಹಾಲಯವಿದೆ. ಇದರ ನಷ್ಟವೂ ಇದೆ. ಬಿಸಿನೀರು ತಾಗಿದರೆ ಒಣ ಕೆಲಸವೆಲ್ಲ ತೊಳೆದುಹೋಗುತ್ತದೆ, ಗೋಡೆಯ ಏರಿಳಿತ ಹೋಗಿ ಚಿತ್ರ ಪೋಸ್ಟರಿನಂತೆ ಚಪ್ಪಟೆಯಾಗುತ್ತದೆ. ಆದ್ದರಿಂದ ಗೋಡೆಯೇ ಬೀಳುವಂತಿದ್ದರೆ ಮಾತ್ರ ಈಗ ಇದಕ್ಕೆ ಕೈಹಾಕುತ್ತಾರೆ.

ಮಸಾಚೊನ ತ್ರಿಏಕತೆಯೂ ಇಂಥ ಸಾಗಾಟ ಕಂಡಿದೆ. 1570ರ ಹೊತ್ತಿಗೆ ಚಿತ್ರಕಾರನೂ ಕಲಾವಿದರ ಜೀವನಚರಿತ್ರೆ ಬರೆದವನೂ ಆದ ವಸಾರಿ ಅದರ ಮುಂದೆ ಕಲ್ಲಿನ ಬಲಿಪೀಠ ಕಟ್ಟಿ ಮುಚ್ಚಿದ. ತಾನೇ ಹೊಗಳಿ ಬರೆದಿದ್ದ ಚಿತ್ರವನ್ನು ಕೆರೆಯಲಿಲ್ಲ ಎಂಬುದು ಪುಣ್ಯ. 1860ರ ದಶಕದ ಆರಂಭದಲ್ಲಿ ಬಲಿಪೀಠ ತೆಗೆದಾಗ ಮೇಲಿನ ಭಾಗ ಕಂಡು, ಅದನ್ನು ಬಿಡಿಸಿ ಬಾಗಿಲ ಪಕ್ಕದ ಗೋಡೆಗೆ ಸಾಗಿಸಿದರು. ಚಿತ್ರದ ಕೆಳಭಾಗದಲ್ಲಿ ಬರೆದಿದ್ದ ಅಸ್ಥಿಪಂಜರ ಮೂಲ ಜಾಗದಲ್ಲಿ ಪತ್ತೆಯಾದದ್ದು 1952ರಲ್ಲಿ, ಆಮೇಲೆ ಮೇಲಿನದನ್ನು ಮರಳಿ ತಂದು ಅದರ ಮೇಲೆ ಕೂರಿಸಿದರು. ಎರಡರ ನಡುವಿನ ಪಟ್ಟಿ, ಚಿತ್ರದಲ್ಲೇ ಬರೆದಿರುವ ಬಲಿಪೀಠದ ಮೇಜಿನ ಸುತ್ತಲಿನದು, ತೀರ ಹಾಳಾಗಿದೆ. ಅಲ್ಲಿ ಕಾಣುವ ಅಂಚುಗಳನ್ನು ಮಸಾಚೊನ ದಿನಗೆಲಸದ ಜೋಡುಗಳೆಂದು ಎಣಿಸಬಾರದು. ಎಣಿಕೆ ಶುರು ಮಾಡಬೇಕಾದದ್ದು ಮೇಲಿನ ಕಮಾನಿನಿಂದ.